‘ಏನೂ ಕಷ್ಟ ಇಲ್ಲ’ ಎಂದ ಅತ್ತೆ

“ಹಾಗಾದ್ರೆ ಅತ್ತಿಗೆ ಇಷ್ಟು ತಿಂಗಳು ಮನೇಲಿ ಕೂತು ಏನ್ ಮಾಡ್ತಿದ್ರು?”

ಮಾತು ಬಂದದ್ದು ಮಂಚದ ಮೇಲಿಟ್ಟಿದ್ದ ಮೊಬೈಲಿನಿಂದ. ಆಡಿದವಳು ಮನೆಯವರೆಲ್ಲ ಚಿನ್ನಿ ಎಂದು ಕರೆಯುವ ನಾದಿನಿ. ಕೇಳಿಸಿಕೊಂಡವಳು ನೆಲದ ಮೇಲೆ ಮಂಡಿಯೂರಿ ಕೂತಿದ್ದ ಸೊಸೆ. ಅವಳ ತೊಡೆಯ ಮೇಲೆ ಅತ್ತೆಯ ಬಲಗಾಲು, ಅವಳ ಹತ್ತು ಬೆರಳುಗಳ ನಡುವೆ ಅರ್ಧ ಏರಿದ ಕಾಲುಚೀಲ. ಮಗಳು ಮಾತಾಡುವಾಗೆಲ್ಲ ಅತ್ತೆ ಸ್ಪೀಕರ್ ಹಾಕಿಕೊಳ್ಳುತ್ತಿದ್ದರು, ಕಿವಿ ಸ್ವಲ್ಪ ಮಂದ. ಅದು ಚಿನ್ನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಆಡಿದಳೇನೋ... ಯಾರಿಗೆ ಗೊತ್ತು.

“ನೂರಕ್ಕೆ ತೊಂಬತ್ತಾರಂತೆ ಅಮ್ಮ, ಅಣ್ಣ ಹೇಳ್ದ. ಡಾಕ್ಟರೇ ಬೆರಗಾಗಿಬಿಟ್ರಂತೆ. ಇಷ್ಟು ಚೆನ್ನಾಗಿ ಓಡಾಡೋರಿಗೆ ಇನ್ನೊಬ್ರು ಕೆಲಸ ಬಿಟ್ಟು ಕಾಯ್ತಾ ಕೂರೋದು ಯಾತಕ್ಕೆ ಅಂತ. ಹಾಗಂದೆ ಅಷ್ಟೇ.”

ಸೊಸೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಬರಬಹುದೆಂದು ಕಾದಳು. ‘ಅವಳು ಇದ್ದಾಳೆ ಕಣೇ ಚಿನ್ನಿ, ಇಲ್ಲೇ, ನನ್ನ ಕಾಲ ಬುಡದಲ್ಲೇ’ ಎಂದಿದ್ದರೆ ಸಾಕಿತ್ತು. ಮೂವತ್ತು ವರ್ಷ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಆಗಿದ್ದು, ನೂರು ಮಕ್ಕಳ ಗದ್ದಲವನ್ನು ಒಂದು ಕೆಮ್ಮಿನಲ್ಲಿ ಅಡಗಿಸುತ್ತಿದ್ದ ಬಾಯಿ ಅದು. ಸೊಸೆ ಮಾಡಿದ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಮನೆ ಎದ್ದು ಕೂರುವಂತೆ ಮಾತಾಡುವ ಬಾಯಿ. ಆ ಬಾಯಿ ಈಗ ಬೀಗ ಹಾಕಿಕೊಂಡಿತ್ತು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ, “ಸರಿ, ಸಾಯಂಕಾಲ ಬಾ” ಎಂದು ಫೋನಿಟ್ಟರು.

ಸೊಸೆ ಕಾಲುಚೀಲವನ್ನು ಅರ್ಧಕ್ಕೇ ಬಿಟ್ಟು ಎದ್ದು ಅಡುಗೆಮನೆಗೆ ಹೋದಳು. ಹಿಂದಿನಿಂದ “ಇದೇನು, ಇಷ್ಟಕ್ಕೇ ಬಿಟ್ಟು ಹೋದೆ?” ಎಂಬ ದನಿ ಬಂತು. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅತ್ತೆಯ ದನಿಯೂ ಮುಳುಗಿತು, ತನ್ನ ಬಿಕ್ಕೂ ಮುಳುಗಿತು.

ತೊಂಬತ್ತಾರು. ಆ ಸಂಖ್ಯೆ ಹುಟ್ಟಿದ್ದು ಹಿಂದಿನ ದಿನ, ಮೂಳೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ. ಅತ್ತೆಯ ಸವೆದ ಬಲಸೊಂಟದ ಕೀಲನ್ನು ತೆಗೆದು ಹೊಸದನ್ನು ಕೂರಿಸಿ ಐದು ತಿಂಗಳಾಗಿತ್ತು. ಕೀಲು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಎಕ್ಸ್‌ರೇ ಹೇಳುತ್ತದೆ. ಆದರೆ ಆ ಕೀಲು ಹೊತ್ತ ಮನುಷ್ಯ ಹೇಗಿದ್ದಾನೆ ಎಂಬುದನ್ನು ಮನುಷ್ಯನೇ ಹೇಳಬೇಕು. ಅದಕ್ಕೆಂದೇ ಅಲ್ಲಿ ಒಬ್ಬಳು ಹುಡುಗಿ ಟ್ಯಾಬ್ ಹಿಡಿದು ಕೂರುತ್ತಾಳೆ. ಮೆಟ್ಟಿಲು ಇಳಿಯುವಾಗ, ಹತ್ತುವಾಗ, ಕುರ್ಚಿಯಿಂದ ಏಳುವಾಗ, ಕಾರಿನೊಳಗೆ ಕೂರುವಾಗ, ಕಾಲುಚೀಲ ಹಾಕಿಕೊಳ್ಳುವಾಗ, ಹಾಸಿಗೆಯಲ್ಲಿ ಮಗ್ಗುಲಾಗುವಾಗ... ಕಳೆದ ಒಂದು ವಾರದಲ್ಲಿ ಎಷ್ಟು ಕಷ್ಟವಾಯಿತು? ಏನೂ ಇಲ್ಲ, ಸ್ವಲ್ಪ, ಸುಮಾರಾಗಿ, ತುಂಬಾ, ವಿಪರೀತ. ಐದರಲ್ಲಿ ಒಂದು ಹೇಳಬೇಕು. ಕೊನೆಗೆ ಟ್ಯಾಬ್ ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ, ಕಷ್ಟ ಕಡಿಮೆಯಾದಷ್ಟೂ ಸಂಖ್ಯೆ ಹೆಚ್ಚು.

“ಮೆಟ್ಟಿಲು ಇಳಿಯೋವಾಗ ಅಮ್ಮ?”

“ಏನೂ ಕಷ್ಟ ಇಲ್ಲ.”

ಪಕ್ಕದ ಕುರ್ಚಿಯಲ್ಲಿದ್ದ ಸೊಸೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಬೆಳಿಗ್ಗೆ ತಾನೇ ಅವರು ಮೊದಲ ಮಹಡಿಯ ಮನೆಯಿಂದ ಇಳಿದು ಬಂದಿದ್ದು ಹೇಗೆ? ಸೊಸೆ ಒಂದು ಮೆಟ್ಟಿಲು ಕೆಳಗೆ ಹಿಮ್ಮುಖವಾಗಿ ಇಳಿಯುತ್ತ, ಅತ್ತೆಯ ಎರಡೂ ಕೈಗಳನ್ನು ತನ್ನ ಹೆಗಲ ಮೇಲಿರಿಸಿಕೊಂಡು, ಅವರ ಭಾರವನ್ನೆಲ್ಲ ತಾನೇ ಹೊತ್ತು ಇಳಿಸಿದ್ದಳು. ಕಷ್ಟ ಇರಲಿಲ್ಲವಂತೆ. ಅತ್ತೆಗೆ ಇರಲಿಲ್ಲ, ನಿಜ.

“ಅತ್ತೆ, ಅದು ಹಾಗಲ್ಲ, ನಾನು ಹಿಡ್ಕೊಂಡು...” ಎಂದು ಅವಳು ಬಾಯಿ ತೆರೆದಳು. ಹುಡುಗಿ ನಗುತ್ತಲೇ ಕೈ ಅಡ್ಡ ಹಿಡಿದಳು. “ಬೇಜಾರಾಗಬೇಡಿ ಮೇಡಂ. ಇದನ್ನ ಪೇಷಂಟೇ ಹೇಳ್ಬೇಕು. ಜೊತೆಯವರು ಹೇಳೋ ಹಾಗಿಲ್ಲ.” ಅತ್ತೆ ಸೊಸೆಯ ಕಡೆ ಒಂದು ನೋಟ ಎಸೆದರು. ತರಗತಿಯಲ್ಲಿ ಎದ್ದು ನಿಂತ ಹುಡುಗಿಯನ್ನು ಕೂರಿಸುವ ನೋಟ.

ಮುಂದೆಲ್ಲ ಅದೇ. ಕಾಲುಚೀಲ? ಏನೂ ಕಷ್ಟ ಇಲ್ಲ. ಸ್ನಾನ? ಏನೂ ಇಲ್ಲ. ನೆಲದ ಮೇಲೆ ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳುವುದು? ಅಯ್ಯೋ, ಏನಿಲ್ಲ. ಹಾಸಿಗೆಯಲ್ಲಿ ಮಗ್ಗುಲಾಗುವುದು ಎಂದಾಗ ಮಾತ್ರ ಒಂದು ಕ್ಷಣ ಯೋಚಿಸಿ, “ಸ್ವಲ್ಪ” ಎಂದರು.

ಅಜ್ಜಿಯರ ಕಥೆಗಳಲ್ಲಿ ರಾಕ್ಷಸನ ಪ್ರಾಣ ರಾಕ್ಷಸನಲ್ಲಿರುವುದಿಲ್ಲ. ಏಳು ಸಮುದ್ರದಾಚೆ, ಒಂದು ಮರದ ಪೊಟರೆಯಲ್ಲಿ, ಒಂದು ಗಿಳಿಯ ಕೊರಳಲ್ಲಿರುತ್ತದೆ. ಈ ಮನೆಯಲ್ಲೂ ಹಾಗೆಯೇ ಆಗಿತ್ತು. ಅತ್ತೆಯ ನಡಿಗೆ ಅತ್ತೆಯ ಕಾಲಿನಲ್ಲಿರಲಿಲ್ಲ, ಸೊಸೆಯ ಎರಡು ಅಂಗೈಗಳಲ್ಲಿತ್ತು. ಗಿಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಡಾಕ್ಟರು ಸಂಖ್ಯೆ ನೋಡಿ ತಲೆದೂಗಿ, “ಇನ್ನು ಮನೆಗೆ ಬಂದು ವ್ಯಾಯಾಮ ಮಾಡಿಸೋದು ಬೇಡ. ಬರೋ ವರ್ಷ ಬಂದು ತೋರಿಸಿ” ಎಂದುಬಿಟ್ಟರು. ವ್ಯಾಯಾಮ ನಿಂತರೆ ಆ ಕಾಲು ಇನ್ನು ಯಾವತ್ತಿಗೂ ಗಟ್ಟಿಯಾಗುವುದಿಲ್ಲ ಎಂಬುದು ಸೊಸೆಗೆ ಗೊತ್ತಿತ್ತು. ಆ ಕಾಲು ಗಟ್ಟಿಯಾಗದಿದ್ದರೆ ತಾನು ಈ ಮನೆಯ ಹೊಸ್ತಿಲು ದಾಟುವುದಿಲ್ಲ ಎಂಬುದೂ.

ದಾಟಬೇಕಿತ್ತು ಅವಳು. ಹಲ್ಲು ಕಟ್ಟುವ ಲ್ಯಾಬೊಂದರಲ್ಲಿ ಕಿಟಕಿಯ ಪಕ್ಕದ ಮೇಜು ಅವಳದು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು, ಮೇಲಿನ ಸಾಲು ಕೆಳಗಿನ ಸಾಲಿಗೆ ಕಚ್ಚುವ ಹಾಗೆ ಕೆತ್ತುವುದು, ಮುದುಕರಿಗೆ ತೀರಾ ಬಿಳಿ ಹಲ್ಲು ಹಾಕಿ ನಗೆಪಾಟಲು ಮಾಡದೆ ಒಂಚೂರು ಹಳದಿ ಬೆರೆಸುವುದು. ಆ ಲ್ಯಾಬಿನ ಯಜಮಾನರು ಐದು ತಿಂಗಳಿಂದ ಕಾದು, ಕೊನೆಗೆ ಹೇಳಿಬಿಟ್ಟಿದ್ದರು: “ಸೋಮವಾರ ಬಾಮ್ಮ. ಬರಲಿಲ್ಲ ಅಂದ್ರೆ ಬೇರೆಯವರನ್ನ ಖಾಯಂ ಮಾಡ್ಕೋತೀನಿ. ನನಗೂ ಎಷ್ಟು ದಿನ ಅಂತ ಆಗುತ್ತೆ.”

ಸಂಜೆ ಚಿನ್ನಿ ಬಂದಳು, ಕೈಯಲ್ಲಿ ಕೇಕಿನ ಡಬ್ಬಿ. ತಾಯಿ ಗೆದ್ದದ್ದಕ್ಕೆ ಸಿಹಿ. ಬಂದವಳೇ ಅಮ್ಮನ ಎತ್ತರದ ಕುರ್ಚಿಯನ್ನು ಮೂಲೆಗೆ ತಳ್ಳಿ, “ಇದೇನು ಆಸ್ಪತ್ರೆ ಥರ? ಬಾಮ್ಮ, ಸೋಫಾ ಮೇಲೆ ಕೂರು, ಫೋಟೋ ತೆಗೀತೀನಿ” ಎಂದು ಎಳೆದು ಕೂರಿಸಿದಳು. ಒಳಗಿನಿಂದ ಚಾಕು ತರುತ್ತಿದ್ದ ಸೊಸೆ ಅದನ್ನು ಕಂಡಳು. ತಗ್ಗಿನ ಸೋಫಾ, ಒಳಗೆ ಹೂತುಹೋಗುವ ಮೆತ್ತೆ. ಆಪರೇಷನ್ ಆದ ದಿನದಿಂದ ಅತ್ತೆ ಅದರ ಮೇಲೆ ಕೂತವರಲ್ಲ. ಬೇಡ ಎನ್ನಬೇಕಿತ್ತು. ಚಾಕುವನ್ನು ಮೇಜಿನ ಮೇಲಿಟ್ಟು ತಟ್ಟೆ ತರಲು ಹೋದಳು.

ಗಂಡ ಕೆಲಸದಿಂದ ಬಂದು ಶೂ ಬಿಚ್ಚುತ್ತಲೇ ನಗುತ್ತಿದ್ದ. ಅವನದು ಲಿಫ್ಟ್ ದುರಸ್ತಿಯ ಕೆಲಸ. ಊರಿನ ಜನರನ್ನೆಲ್ಲ ಮೇಲಕ್ಕೆ ಹತ್ತಿಸುವವನು; ತಾಯಿಯನ್ನು ಒಂದು ಮೆಟ್ಟಿಲು ಹತ್ತಿಸಿದವನಲ್ಲ. ಕೆಟ್ಟವನಲ್ಲ ಅವನು. ಆದರೆ ಕಣ್ಣೆದುರು ಮಾಡಿಟ್ಟ ಕೆಲಸ ತಾನಾಗಿಯೇ ಆಗುತ್ತದೆ ಎಂದು ನಂಬಿದವನು.

“ಅಂತೂ ಅಮ್ಮ ರ‍್ಯಾಂಕ್ ಬಂದುಬಿಟ್ರು” ಎಂದ.

“ರೀ, ನಾನು ಸೋಮವಾರ ಲ್ಯಾಬಿಗೆ ಹೋಗ್ತೀನಿ” ಎಂದಳು ಸೊಸೆ, ಕೇಕಿನ ತಟ್ಟೆ ಮೇಜಿನ ಮೇಲಿಡುತ್ತ.

ನಗು ಸ್ವಲ್ಪ ಇಳಿಯಿತು. “ಸೋಮವಾರನಾ? ಅಷ್ಟೇನು ಅರ್ಜೆಂಟು. ಅಮ್ಮ ಒಬ್ರೇ ಆಗ್ತಾರಲ್ಲ.”

“ತೊಂಬತ್ತಾರು ಬಂದಿದೆಯಲ್ಲ.”

“ಅದು ಬಂದಿದೆ. ಆದ್ರೂ ಜೊತೆಗೆ ಒಬ್ರು ಬೇಕಲ್ವಾ. ಇನ್ನೊಂದು ವರ್ಷ ಇರು ಕಣೇ. ಹಲ್ಲೇನು ಓಡಿ ಹೋಗುತ್ತಾ.”

“ವ್ಯಾಯಾಮ ನಿಲ್ಸೋವಷ್ಟು ಅತ್ತೆ ಚೆನ್ನಾಗಿದ್ದಾರೆ. ನಾನು ಕೆಲಸಕ್ಕೆ ಹೋಗೋವಷ್ಟು ಚೆನ್ನಾಗಿಲ್ಲ. ಇದೆಂಥ ಲೆಕ್ಕ ರೀ?”

ಚಿನ್ನಿ ಕೇಕು ಕೊಯ್ಯುತ್ತಲೇ ನಡುವೆ ಬಂದಳು. “ಅತ್ತಿಗೆ, ತಪ್ಪು ತಿಳ್ಕೋಬೇಡಿ. ಮನೇಲಿ ಏನು ಅಂಥ ಬೆಟ್ಟ ಹೊರೋದಿದೆ? ಅಮ್ಮನೇ ಹೇಳಿದ್ದಾರೆ, ಏನೂ ಕಷ್ಟ ಇಲ್ಲ ಅಂತ. ಸುಮ್ನೆ ಕೂತು ಟೀವಿ ನೋಡ್ಕೊಂಡು ಅಮ್ಮನ ಜೊತೆ ಇರೋದಕ್ಕೂ ನಿಮಗೆ...”

ಅಷ್ಟೇ. ಬೆಳಗಿನಿಂದ ಒಳಗೊಳಗೇ ಕುದಿಯುತ್ತಿದ್ದುದಕ್ಕೆ ಮುಚ್ಚಳ ಹಾರಿಹೋಯಿತು. ಆದರೆ ಸೊಸೆ ಕೂಗಲಿಲ್ಲ. ಮೇಜಿನ ಬಳಿಯ ಕುರ್ಚಿ ಎಳೆದುಕೊಂಡು, ಕೂತು, ಎರಡೂ ಕೈ ಕಟ್ಟಿದಳು. ಅವಳ ದನಿ ತಣ್ಣಗಿತ್ತು. ಆ ತಣ್ಣಗಿನ ದನಿಗೇ ಗಂಡ ಬೆಚ್ಚಿದ.

“ಸರಿ ಚಿನ್ನಿ. ಅತ್ತೆಗೆ ಏನೂ ಕಷ್ಟ ಇಲ್ಲ. ಕೇಕು ಇಲ್ಲಿದೆ, ಅವರು ಎದ್ದು ಬಂದು ತಗೊಳ್ಳಲಿ. ನಾನು ಸುಮ್ನೆ ಕೂತ್ಕೊಂಡು ನೋಡ್ತೀನಿ. ಅದೇ ಅಲ್ವಾ ನನ್ನ ಕೆಲಸ.”

ಅತ್ತೆಯ ಮುಖ ಕೆಂಪಾಯಿತು. ಸೋಫಾದ ಅಂಚಿಗೆ ಕೈಯೂರಿ ಏಳಲು ಹೋದರು. ಮೆತ್ತೆ ಅವರನ್ನು ಮತ್ತೆ ಒಳಗೆಳೆದುಕೊಂಡಿತು. ಇನ್ನೊಂದು ಸಲ. ಉಹ್ಞೂಂ. ಮಗ ಓಡಿಬಂದು ಎರಡೂ ತೋಳು ಹಿಡಿದು ಜಗ್ಗಿದ, ಕೆಟ್ಟು ನಿಂತ ಲಿಫ್ಟಿನ ಬಾಗಿಲು ಎಳೆದ ಹಾಗೆ. ಅತ್ತೆಯ ಬಾಯಿಂದ ಒಂದು ಕೀರಲು ದನಿ ಹೊರಟಿತು. ಅವನು ಬಿಸಿ ಮುಟ್ಟಿದವನಂತೆ ಕೈ ಬಿಟ್ಟ. “ಕಾಲು ಅಡ್ಡ ಹಾಕ್ಕೊಳಮ್ಮ, ಆಮೇಲೆ ತಿರುಗು” ಎಂದಳು ಚಿನ್ನಿ. ಹೊಸ ಕೀಲು ಜಾರಿಹೋಗಲು ಅದಕ್ಕಿಂತ ನೇರವಾದ ದಾರಿ ಇನ್ನೊಂದಿರಲಿಲ್ಲ.

“ಅಡ್ಡ ಹಾಕಬೇಡಿ ಅತ್ತೆ.”

ಮೂವರೂ ಅವಳ ಕಡೆ ನೋಡಿದರು. ಬಾ, ಎತ್ತು ಎಂಬಂತೆ. ಅವಳ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಅವುಗಳನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಏಳಲಿಲ್ಲ. ಹೌದು, ಸೇಡೇ ಅದು. ಅದಕ್ಕೆ ಬೇರೆ ಚಂದದ ಹೆಸರಿಲ್ಲ. ಆ ಹೆಮ್ಮೆಯ ಮುಖ ತನ್ನ ಮಕ್ಕಳೆದುರೇ ಬೆವರುವುದನ್ನು ನೋಡಬೇಕೆನ್ನಿಸಿತ್ತು ಅವಳಿಗೆ.

“ಮೊದಲು ತುದಿಗೆ ಸರೀರಿ” ಎಂದಳು ಕೂತಲ್ಲಿಂದಲೇ. “ಒಂದೇ ಸಲ ಅಲ್ಲ, ಈ ಮಗ್ಗುಲು ಒಂಚೂರು, ಆ ಮಗ್ಗುಲು ಒಂಚೂರು. ಬಲಗಾಲು ಮುಂದೆ ಚಾಚಿ. ಕೈ ಸೋಫಾದ ತೋಳಿನ ಮೇಲೆ. ಅದನ್ನ ಕೆಳಗೆ ಒತ್ತಿ... ಹಾಂ. ಎಡಗಾಲಿನ ಮೇಲೆ ಏಳಿ.”

ಅತ್ತೆ ಅವಳನ್ನು ಸುಟ್ಟುಬಿಡುವಂತೆ ನೋಡುತ್ತಲೇ ಸರಿದರು. ಚಾಚಿದರು. ಒತ್ತಿದರು. ತೋಳುಗಳು ಗಡಗಡ ನಡುಗಿದವು. ಒಂದು ಸಲ ಕುಸಿದರು. ತುಟಿ ಕಚ್ಚಿ ಮತ್ತೆ ಒತ್ತಿದರು... ಮತ್ತೆ, ನಂಬುವುದಾದರೆ ನಂಬಿ, ಎದ್ದು ನಿಂತರು! ಯಾರ ಕೈಯೂ ಇಲ್ಲದೆ.

ಸೊಸೆಗೆ ಗೆದ್ದ ಖುಷಿಯಾಗಬೇಕಿತ್ತು. ಆಗಿದ್ದು ಬೇರೆ. ಈ ಕಾಲು ಎದ್ದು ನಿಲ್ಲುತ್ತದೆ. ವ್ಯಾಯಾಮದವರು ಎಷ್ಟೋ ಸಲ ಹೇಳಿದ್ದರು, ‘ಅವರೇ ಮಾಡಲಿ ಬಿಡಿ, ನೀವು ಹಿಡೀಬೇಡಿ’ ಎಂದು. ಅತ್ತೆ ‘ಅಮ್ಮಾ’ ಎಂದ ಕೂಡಲೇ ಓಡಿದವಳು ಯಾರು? ಅವರ ನಿಧಾನ ನೋಡಲಾಗದೆ, ಅವರು ಮಾಡುವುದಕ್ಕಿಂತ ತಾನೇ ಮಾಡಿ ಮುಗಿಸುವುದು ಬೇಗ ಎಂದು ಕಾಲುಚೀಲ ಕಿತ್ತುಕೊಂಡವಳು ಯಾರು? ಸಿಟ್ಟು ಈಗ ತಿರುಗಿ ಅವಳನ್ನೇ ಕಚ್ಚಿತು. ಕಚ್ಚಿದರೂ ಕಡಿಮೆಯಾಗಲಿಲ್ಲ.

ಕೇಕನ್ನು ಯಾರೂ ತಿನ್ನಲಿಲ್ಲ. ಚಿನ್ನಿ “ಇಷ್ಟು ಕಲ್ಲು ಮನಸ್ಸು ಅಂತ ಗೊತ್ತಿರಲಿಲ್ಲ ಅತ್ತಿಗೆ” ಎಂದು ಬ್ಯಾಗು ಎತ್ತಿಕೊಂಡು ಹೊರಟಳು. ಗಂಡ ಅವಳನ್ನು ಬಸ್ ನಿಲ್ದಾಣದವರೆಗೆ ಬಿಡುವ ನೆವದಲ್ಲಿ ತಾನೂ ತಪ್ಪಿಸಿಕೊಂಡ. ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು.

“ಯಾಕೆ ಹಾಗಂದ್ರಿ ಅತ್ತೆ?” ಸೊಸೆ ಕೇಳಿದಳು. “ಎಲ್ಲದಕ್ಕೂ ಏನೂ ಕಷ್ಟ ಇಲ್ಲ, ಏನೂ ಕಷ್ಟ ಇಲ್ಲ ಅಂತ. ನಿಮ್ಮ ಕಾಲು ನಾನೇ ಎತ್ತಿಡ್ತೀನಿ, ನಿಮ್ಮ ಬೆನ್ನು ನಾನೇ ಉಜ್ತೀನಿ. ನಾನು ಅನ್ನೋಳು ಒಬ್ಳು ಇದೀನಿ ಅಂತ ನಿಮಗೆ ಕಾಣೋದೇ ಇಲ್ವಾ?”

ಅತ್ತೆ ಎತ್ತರದ ಕುರ್ಚಿಗೆ ಮರಳಿ, ಏದುಸಿರು ಹಿಡಿದುಕೊಳ್ಳುತ್ತಿದ್ದರು. “ಕಾಣ್ದೆ ಇದ್ರೆ ತೊಂಬತ್ತಾರು ಕೊಡ್ತಿದ್ನಾ?”

“ಅಂದ್ರೆ?”

“ಅದು ನಿನಗೆ ಕೊಟ್ಟ ಮಾರ್ಕ್ಸು.”

ಸೊಸೆಗೆ ಅರ್ಥವಾಗಲಿಲ್ಲ. ಅತ್ತೆ ಅಸಹನೆಯಿಂದ ತಲೆ ಕೊಡವಿದರು, ದಡ್ಡ ಮಗುವಿಗೆ ಎರಡನೇ ಸಲ ಪಾಠ ಹೇಳುವವರ ಹಾಗೆ.

“ನಮ್ಮ ಶಾಲೆಗೆ ಇನ್ಸ್‌ಪೆಕ್ಟರು ಬರ್ತಿದ್ರು. ಸೂರು ಸೋರ್ತಿರೋದು, ಬೆಂಚು ಮುರ್ದಿರೋದು, ಅವೆಲ್ಲ ನಮ್ಮೊಳಗೆ. ಹೊರಗಿನವರು ಬಂದು ಕೇಳಿದ್ರೆ ಏನೂ ತೊಂದರೆ ಇಲ್ಲ ಸರ್ ಅನ್ನಬೇಕು. ಇಲ್ಲಾಂದ್ರೆ ಯಾರ ತಲೆಗೆ ಬರುತ್ತೆ? ಟೀಚರ ತಲೆಗೆ. ಆ ಹುಡುಗಿ ಕೂತ್ಕೊಂಡು ಸ್ನಾನಕ್ಕೆ ಕಷ್ಟ ಆಗ್ತಿದೆಯಾ, ಬಟ್ಟೆ ಹಾಕ್ಕೊಳ್ಳೋಕೆ ಕಷ್ಟ ಆಗ್ತಿದೆಯಾ ಅಂತ ಕೇಳ್ತಿದ್ದಾಳೆ, ನೀನು ಪಕ್ಕದಲ್ಲೇ ಇದೀಯ. ಹೌದು ಕಷ್ಟ ಅಂದ್ರೆ ಏನಾಯ್ತು? ಸೊಸೆ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಆಯ್ತು. ಬೇರೆಯವರ ಮುಂದೆ ನಿನ್ನ ಮರ್ಯಾದೆ ತೆಗೀಲಾ ನಾನು?”

“ಮತ್ತೆ ಆ ನಾಲ್ಕು ಯಾಕೆ ಕಡಿಮೆ?”

“ನೂರಕ್ಕೆ ನೂರು ಬಂದ್ರೆ ಕಾಪಿ ಹೊಡೆದಿದ್ದಾರೆ ಅಂತ ಅನುಮಾನ ಬರುತ್ತೆ.”

ಬೇರೆ ದಿನವಾಗಿದ್ದರೆ ಸೊಸೆ ನಕ್ಕುಬಿಡುತ್ತಿದ್ದಳೋ ಏನೋ. ಇಂದು ನಗು ಬರಲಿಲ್ಲ. ಐದು ತಿಂಗಳು! ಆ ಐದು ತಿಂಗಳಲ್ಲಿ ಈ ಮನೆಯೊಳಗೆ ಅವಳು ಕೇಳಿದ್ದು ನೀರು ತಣ್ಣಗಿದೆ, ದಿಂಬು ಗಟ್ಟಿಯಿದೆ, ಬಾಗಿಲು ಯಾಕೆ ಧಡ್ ಅನ್ನಿಸಿದೆ... ಅಷ್ಟೇ. ಪ್ರೀತಿ ಇತ್ತಂತೆ. ಅದು ಎಲ್ಲಿತ್ತು? ಹೊರಗಿನವರ ಟ್ಯಾಬಿನಲ್ಲಿ, ಅವಳಿಗೆ ಕಾಣದ ಕಡೆ.

“ನನಗೆ ಕೊಟ್ಟ ಮಾರ್ಕ್ಸನ್ನ ನನಗೆ ಹೇಳಬೇಕಿತ್ತು ಅತ್ತೆ” ಎಂದಳು. ಕಣ್ಣೀರು ಬರುತ್ತಿತ್ತು, ಆದರೆ ಅದು ಕರಗಿದ ಕಣ್ಣೀರಲ್ಲ, ಉರಿದದ್ದು. “ಆಸ್ಪತ್ರೆ ಹುಡುಗಿಗೆ ಹೇಳಿದ್ರಿ. ಬೆಳಿಗ್ಗೆ ಚಿನ್ನಿ ಹಾಗಂದಾಗ ನಿಮ್ಮ ಬಾಯಿ ಎಲ್ಲಿ ಹೋಗಿತ್ತು? ನೀವು ನನ್ನ ಮರ್ಯಾದೆ ಉಳಿಸಿದ್ರಿ, ಬದುಕು ತೆಗೆದ್ರಿ. ವ್ಯಾಯಾಮ ನಿಂತೋಯ್ತು. ಇನ್ನು ನೀವು ಹೀಗೇ, ನಾನೂ ಹೀಗೇ. ಇಬ್ಬರೂ ಸೇರಿ ಒಂದು ಕಾಲಿನ ಮೇಲೆ ಸಾಯೋ ತನಕ.”

ಅತ್ತೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. “ಹೊಗಳಿದ್ರೆ ಕೈ ಸಡಿಲ ಆಗುತ್ತೆ ಅಂತ ಅಂದ್ಕೊಂಡಿದ್ದೆ” ಎಂದರು. “ಮಕ್ಕಳನ್ನೂ ಹೊಗಳಲಿಲ್ಲ. ಹೊಗಳಿಕೆ ಇಲ್ಲದೆ ಬೆಳೆದವು... ನೋಡಿದೆಯಲ್ಲ ಹೇಗೆ ಬೆಳೆದಿವೆ ಅಂತ.” ಆಮೇಲೆ ಗದರಿದರು: “ನಾಳೆ ಆಸ್ಪತ್ರೆಗೆ ಹೋಗೋದಿದೆ ಅಂತ ನಿನ್ನ ಗಂಡನಿಗೆ ಹೇಳು. ಚಿನ್ನಿಯೂ ಬರಲಿ. ನೀನು ಮುಟ್ಟೋದು ಬೇಡ. ಅವರಿಬ್ಬರೇ ಇಳಿಸಲಿ ನನ್ನ.”

ಮರುದಿನ ಆ ಮೆಟ್ಟಿಲುಗಳನ್ನು ಇಳಿಯುವಷ್ಟರಲ್ಲಿ ಅಣ್ಣ ತಂಗಿಯರಿಬ್ಬರೂ ಬೆವರಿನಲ್ಲಿ ಮಿಂದಿದ್ದರು. ಹೆಗಲು ಕೊಟ್ಟರೆ ಅತ್ತೆ ಬೈದರು, ಕೊಡದಿದ್ದರೂ ಬೈದರು. ಟ್ಯಾಬಿನ ಹುಡುಗಿ ಇವರನ್ನು ಮತ್ತೆ ಕಂಡು ಕಣ್ಣರಳಿಸಿದಳು.

“ನಿನ್ನ ಪ್ರಶ್ನೆ ನನಗೆ ತಪ್ಪಾಗಿ ಅರ್ಥ ಆಗಿತ್ತಮ್ಮ” ಎಂದರು ಅತ್ತೆ. ಅವರ ಬಾಯಲ್ಲಿ ‘ತಪ್ಪು’ ಎಂಬ ಶಬ್ದ ಕಲ್ಲು ಅಗಿದಂತೆ ಬಂತು. “ನನ್ನನ್ನ ಯಾರು ಹೇಗೆ ನೋಡ್ಕೊಳ್ತಿದ್ದಾರೆ ಅಂತ ಕೇಳ್ತಿದ್ದೀಯ ಅಂದ್ಕೊಂಡೆ.”

“ಅಯ್ಯೋ ಇಲ್ಲಮ್ಮ. ನೀವೇ ಮಾಡೋವಾಗ ನಿಮಗೆ ಎಷ್ಟು ಕಷ್ಟ ಆಗುತ್ತೆ ಅಂತ. ಬೇರೆಯವರು ಮಾಡಿಕೊಟ್ಟದ್ದು ಲೆಕ್ಕಕ್ಕಿಲ್ಲ.”

“ಹಾಗಾದ್ರೆ ಮೊದಲಿಂದ ಕೇಳು.”

ಹುಡುಗಿ ಕೇಳಿದಳು. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಮಗ ಮಗಳಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಉತ್ತರಿಸಿದರು. ಮೆಟ್ಟಿಲು ಇಳಿಯುವುದು, ವಿಪರೀತ. ಹತ್ತುವುದು, ವಿಪರೀತ. ಕಾಲುಚೀಲ, “ಒಂದು ದಿನವೂ ನಾನಾಗಿ ಹಾಕ್ಕೊಂಡಿಲ್ಲ. ಅವಳು ಹಾಕ್ತಾಳೆ.” ಸ್ನಾನ, “ಅವಳು.” ಬಗ್ಗುವುದು, “ಅವಳು.” ಹುಡುಗಿ ಮೆಲ್ಲಗೆ, “ಅಮ್ಮ, ಐದರಲ್ಲಿ ಒಂದು ಹೇಳ್ಬೇಕು” ಎಂದಳು. “ಗೊತ್ತು. ನೀನು ವಿಪರೀತ ಅಂತ ಹಾಕ್ಕೋ. ನಾನು ಹೇಳ್ತಿರೋದು ಇವರಿಬ್ಬರಿಗೆ.”

ಗಂಡ ನೆಲ ನೋಡುತ್ತಿದ್ದ. ಒಂದೊಂದು ‘ಅವಳು’ ಬಿದ್ದಾಗಲೂ ಅವನ ತಲೆ ಇನ್ನಷ್ಟು ತಗ್ಗುತ್ತಿತ್ತು. ಚಿನ್ನಿ ತಡೆಯಲಾರದೆ ಪಿಸುಗುಟ್ಟಿದಳು: “ಏನಮ್ಮ ಇದು, ಮನೇಲಿ ಯಾರೂ ನೋಡ್ಕೊಳ್ತಿಲ್ಲ ಅಂದ್ಕೋತಾರೆ.”

“ನೀನು ನೋಡ್ಕೊಳ್ತಿಲ್ಲ. ಇದ್ದದ್ದನ್ನ ಅಂದ್ಕೊಂಡ್ರೆ ಅಂದ್ಕೊಳ್ಳಲಿ.”

ಹಿಂದೆ ನಿಂತಿದ್ದ ಸೊಸೆ ಇದನ್ನೆಲ್ಲ ಕೇಳಿದಳು. ಎದೆ ತಂಪಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ತಡವಾಗಿ ಬಂದ ನ್ಯಾಯ ಆರಿದ ಚಹಾದ ಹಾಗೆ, ಕುಡಿಯಬಹುದು, ಅಷ್ಟೇ. ಸಂಖ್ಯೆ ಮೂವತ್ತೆಂಟಕ್ಕೆ ಇಳಿದಿತ್ತು. ಡಾಕ್ಟರು ಎರಡೂ ಸಂಖ್ಯೆಗಳನ್ನು ನೋಡಿ, ಕನ್ನಡಕ ತೆಗೆದು, ವ್ಯಾಯಾಮವನ್ನು ವಾರಕ್ಕೆ ನಾಲ್ಕು ದಿನ ಮಾಡಿದರು. “ಯಾರೂ ಕೈ ಹಿಡೀಬಾರದು” ಎಂದು ಒತ್ತಿ ಹೇಳಿದರು. ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಅವರು ಕೇಳಿದಾಗ ಗಂಡ ಹೆಂಡತಿಯ ಕಡೆ ನೋಡಿದ. ಅವಳು ನೋಟ ತಪ್ಪಿಸಲಿಲ್ಲ.

“ನಾನು ರಜೆ ಹಾಕ್ತೀನಿ” ಎಂದ ಅವನು, ಗಂಟಲು ಸರಿಮಾಡಿಕೊಂಡು. “ಆಮೇಲೆ ಪಾಳಿ ಬದಲಾಯಿಸ್ಕೋತೀನಿ.”

ಸೋಮವಾರ ಲ್ಯಾಬಿಗೆ ಹೋದಾಗ ಕಿಟಕಿಯ ಪಕ್ಕದ ಮೇಜಿನಲ್ಲಿ ಬೇರೊಬ್ಬಳು ಕೂತಿದ್ದಳು. ಯಜಮಾನರು ಮುಖ ಸಣ್ಣದು ಮಾಡಿ, “ಆ ಹುಡುಗಿ ಚೆನ್ನಾಗಿ ಕೈ ಹಾಕ್ತಿದ್ದಾಳಮ್ಮ, ಎಬ್ಬಿಸೋಕಾಗಲ್ಲ. ಸದ್ಯಕ್ಕೆ ಅಚ್ಚು ಎರಕ ನೋಡ್ಕೋ” ಎಂದರು. ಅದು ಹೊಸಬರ ಕೆಲಸ. ಸಿಂಕಿನ ಪಕ್ಕದ ಕತ್ತಲ ಮೂಲೆ, ಬಿಳಿ ಪುಡಿಗೆ ನೀರು ಕಲಸಿ ಅಚ್ಚಿಗೆ ಸುರಿಯುವುದು. ಎಂಟು ವರ್ಷದ ಹಿಂದೆ ಅವಳು ಅಲ್ಲಿಂದಲೇ ಶುರುಮಾಡಿದ್ದಳು. ಹಲ್ಲು ಕಚ್ಚಿ ಏಪ್ರನ್ ಕಟ್ಟಿಕೊಂಡಳು. ಜಾಗ ಹೋಗಿತ್ತು, ಕೆಲಸ ಉಳಿದಿತ್ತು.

ಮಧ್ಯಾಹ್ನ, ಬಟ್ಟಲಲ್ಲಿ ಪುಡಿ ಕಲಸುತ್ತಿದ್ದಾಗ ಫೋನು ಬಂತು. ಅತ್ತೆ.

“ಎಷ್ಟು ಹೊತ್ತಿಗೆ ಬರ್ತೀಯ?”

ಅವಳು ಕಲಸುವುದನ್ನು ನಿಲ್ಲಿಸಿದಳು. ಮೊದಲನೇ ದಿನ. ಅರ್ಧ ದಿನವೂ ಕಳೆದಿಲ್ಲ. “ಯಾಕೆ ಅತ್ತೆ? ಅವರಿಲ್ವಾ?”

“ಇದ್ದಾನೆ. ನಾಲ್ಕು ಮೆಟ್ಟಿಲು ಕೆಳಗೆ ನಿಂತಿದ್ದಾನೆ, ನಾನು ಬಿದ್ರೆ ಹಿಡಿಯೋಕೆ. ನಾನು ಮೆಟ್ಟಿಲ ಮಧ್ಯದಲ್ಲಿ ಕಂಬಿ ಹಿಡ್ಕೊಂಡು ನಿಂತಿದೀನಿ. ಇಳಿದದ್ದಾಯ್ತು, ಇನ್ನರ್ಧ ಹತ್ತಬೇಕು.” ಉಸಿರು ಸುಯ್ಯೆನ್ನುತ್ತಿತ್ತು. “ನೀನು ಬೇಗ ಬರಬೇಡ ಅಂತ ಹೇಳೋಕೆ ಮಾಡಿದೆ. ನೀನು ಬಂದ್ರೆ ನೋಡ್ತಾ ನಿಲ್ಲಲ್ಲ. ಕೈ ಕೊಟ್ಟುಬಿಡ್ತೀಯ.”

ಸೊಸೆಗೆ ಸಿಟ್ಟು ಇನ್ನೂ ಇತ್ತು. ಕಿಟಕಿಯ ಕಡೆ ಕಣ್ಣು ಹೋದಾಗೆಲ್ಲ ಚುಚ್ಚುತ್ತಿತ್ತು. ಅದು ಅಷ್ಟು ಸುಲಭಕ್ಕೆ ಹೋಗುವುದೂ ಅಲ್ಲ. ಆದರೂ ಬಾಯಿಯಿಂದ ಬಂದದ್ದು ಬೇರೆ ಮಾತು.

“ತುಂಬಾ ಕಷ್ಟ ಆಗ್ತಿದೆಯಾ ಅತ್ತೆ?”

“ಆಗ್ತಿದೆ ಕಣೇ” ಎಂದರು ಅತ್ತೆ. “ಹೇಳೋಕಾಗದಷ್ಟು.”

“ಎಡಗಾಲು ಮೊದಲು ಮೇಲಿಡಿ.”

“ಗೊತ್ತು, ಇಡು ಫೋನು. ನಿನ್ನ ಕೆಲಸ ನೋಡು.”

ಬಟ್ಟಲಿನಲ್ಲಿ ಕಲಸಿದ್ದು ಆಗಲೇ ಗಟ್ಟಿಯಾಗತೊಡಗಿತ್ತು. ಅವಳು ಅದನ್ನು ತೊಳೆದು ಚೆಲ್ಲಿ, ಹೊಸದಾಗಿ ಪುಡಿ ಹಾಕಿ, ನೀರು ಬೆರೆಸಿ ಮೊದಲಿನಿಂದ ಕಲಸಲು ಶುರುಮಾಡಿದಳು.